ತೆರೆದವರೇ ಮುಚ್ಚುವ ಊರು

ನೀರು ಮೇಲಿನಿಂದ ಕೆಳಕ್ಕೆ ಹರಿಯುವ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ. ಈ ಊರೂ ಅಂಥದೇ. ಆದರೆ ಇಲ್ಲಿ ಒಂದು ನಿಯಮ ಹೆಚ್ಚಿಗೆ ಇತ್ತು. ನೀರಿನ ಚಕ್ರವನ್ನು ಯಾವ ಕೈ ತೆರೆಯಿತೋ ಅದೇ ಕೈ ಮುಚ್ಚಬೇಕು. ಬೇರೆ ಕೈಗೆ ಅದು ಜಗ್ಗುತ್ತಿರಲಿಲ್ಲ. ಪೈಲ್ವಾನರು ಹಗ್ಗ ಬಿಗಿದು ಎಳೆದರೂ ಜಗ್ಗುತ್ತಿರಲಿಲ್ಲ, ಎತ್ತು ಕಟ್ಟಿ ಎಳೆಸಿದರೂ ಜಗ್ಗುತ್ತಿರಲಿಲ್ಲ. ತೆರೆದವರು ಬಂದು ಎರಡು ಬೆರಳು ತಾಗಿಸಿದರೆ ಮಜ್ಜಿಗೆಯೊಳಗಿನ ಕಡೆಗೋಲಿನಂತೆ ಸರಾಗವಾಗಿ ತಿರುಗುತ್ತಿತ್ತು. ಮುಚ್ಚಿದ ಚಕ್ರ ಯಾರದೂ ಅಲ್ಲ. ಅದನ್ನು ಯಾರು ಬೇಕಾದರೂ ತೆರೆಯಬಹುದು. ತೆರೆದ ಗಳಿಗೆಯಿಂದ ಅದು ಅವರದು. ಹೀಗೇಕೆ ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಬೆಂಕಿ ಏಕೆ ಸುಡುತ್ತದೆ ಎಂದು ಯಾರು ಕೇಳುತ್ತಾರೆ?

ಊರಿನ ನೆತ್ತಿಯ ಮೇಲೊಂದು ಗುಡ್ಡ, ಗುಡ್ಡದ ಮೇಲೊಂದು ತೊಟ್ಟಿ. ರಾತ್ರಿಯೆಲ್ಲ ಒರತೆ ತೊಟ್ಟಿಯನ್ನು ತುಂಬುತ್ತಿತ್ತು, ಹಗಲೆಲ್ಲ ಊರು ಅದನ್ನು ಬರಿದು ಮಾಡುತ್ತಿತ್ತು. ತೊಟ್ಟಿಯಿಂದ ಬೀದಿಗೊಂದು ಕೊಳವೆ, ಕೊಳವೆಗೊಂದು ಚಕ್ರ. ಚಕ್ರಗಳನ್ನು ಬೆಳಗಾಗುತ್ತಲೇ ತೆರೆಯಬೇಕು, ಹೊತ್ತು ಮುಳುಗುವಾಗ ಮುಚ್ಚಬೇಕು. ಮುಚ್ಚದಿದ್ದರೆ ತೊಟ್ಟಿ ತುಂಬುವುದಿಲ್ಲ. ತೊಟ್ಟಿ ತುಂಬದಿದ್ದರೆ ಮಾರನೆಯ ದಿನ ಯಾವ ಬೀದಿಗೂ ಹನಿ ನೀರಿಲ್ಲ. ಲೆಕ್ಕ ಇಷ್ಟೇ.

ಒಂದು ಬೀದಿಯಲ್ಲಿ ಮಾತ್ರ ನೀರು ನಿಲ್ಲುತ್ತಲೇ ಇರಲಿಲ್ಲ. ಹಿಂದೊಬ್ಬ ಎಂಜಿನಿಯರ್ ಆ ಬೀದಿಯ ಚಕ್ರವನ್ನು ಬೆಳಗ್ಗೆ ತೆರೆದು, ಮಧ್ಯಾಹ್ನ ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಒರಗಿದವನು ಹಾಗೆಯೇ ತೀರಿಕೊಂಡಿದ್ದ. ಸತ್ತವನ ಚಕ್ರವನ್ನು ಮುಚ್ಚುವವರು ಯಾರು? ಅಂದಿನಿಂದ ಆ ಬೀದಿಯಲ್ಲಿ ಹಗಲಿರುಳು ಕಣಕಾಲುದ್ದ ನೀರು. ಅಲ್ಲಿನ ಗಂಡಸರು ಪಂಚೆ ಎತ್ತಿ ಕಟ್ಟಿಯೇ ಹುಟ್ಟಿದವರಂತೆ ನಡೆಯುತ್ತಿದ್ದರು, ಹೆಂಗಸರು ಹೊಸ್ತಿಲಲ್ಲೇ ಕೂತು ಬಟ್ಟೆ ಒಗೆಯುತ್ತಿದ್ದರು, ಎಮ್ಮೆಗಳು ಯಾರಿಗೂ ದಾರಿ ಬಿಡದೆ ನಡುಬೀದಿಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಒಂದು ಬೀದಿಯ ಸೋರಿಕೆಯನ್ನು ಒರತೆ ಹೇಗೋ ತಾಳಿಕೊಂಡಿತ್ತು. ಎರಡನೆಯದನ್ನು ತಾಳಲಾರದು ಎಂಬುದು ಎಲ್ಲರಿಗೂ ಗೊತ್ತಿತ್ತು.

ತೊಟ್ಟಿಯ ಪಕ್ಕದಲ್ಲಿ ನೀರಿನ ಮನೆ. ಊರಿಗೆ ನೀರು ಕೊಡುವ ಕೆಲಸ ಅದರದು. ಆ ಸಾವಿನಿಂದ ನೀರಿನ ಮನೆಯವರು ಒಂದು ಪಾಠ ಕಲಿತಿದ್ದರು. ಬುದ್ಧಿಯುಳ್ಳವರು ಕಲಿಯಬಹುದಾಗಿದ್ದ ಪಾಠಗಳು ಹಲವಿದ್ದವು. ಒಬ್ಬ ಸತ್ತರೆ ಏನು ಮಾಡಬೇಕೆಂದು ಯೋಚಿಸಬಹುದಿತ್ತು, ಕೊಳವೆಯನ್ನು ಬದಲಿಸಬಹುದಿತ್ತು, ಕೊನೆಗೆ ಎಮ್ಮೆಗಳನ್ನಾದರೂ ಎಬ್ಬಿಸಬಹುದಿತ್ತು. ಅವರು ಕಲಿತದ್ದು ಬೇರೆ: ತೆರೆಯಬಾರದು. ತೆರೆಯದವನು ಮುಚ್ಚಬೇಕಾಗಿಲ್ಲ. ಮುಚ್ಚಬೇಕಾಗಿಲ್ಲದವನ ಸಂಜೆ ಅವನದೇ. ಹೀಗೆ ಚಕ್ರ ಮುಟ್ಟದೆ ಉಳಿದವರನ್ನು ಆ ಮನೆಯಲ್ಲಿ ಶುದ್ಧಹಸ್ತರು ಎಂದು ಕರೆಯುತ್ತಿದ್ದರು. ಹೆಚ್ಚು ಕಾಲ ಶುದ್ಧವಾಗಿ ಉಳಿದ ಕೈಗೆ ಹೆಚ್ಚು ಎತ್ತರದ ಕುರ್ಚಿ. ಅತಿ ಎತ್ತರದ ಕುರ್ಚಿಯಲ್ಲಿದ್ದ ಒಬ್ಬರನ್ನು ಹಿರಿಯರು ಎನ್ನುತ್ತಿದ್ದರು. ಅವರ ಅಂಗೈ ಹಸುಗೂಸಿನ ಅಂಗೈಯಷ್ಟು ಮೃದುವಾಗಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ ಆಶೀರ್ವಾದ ಮಾಡುತ್ತಿದ್ದರು.

ಎಲ್ಲರೂ ಶುದ್ಧಹಸ್ತರಾದರೆ ನೀರು ಬಿಡುವವರು ಯಾರು? ಅದಕ್ಕಾಗಿಯೇ ಆ ಮನೆಯಲ್ಲಿ ಯಾವಾಗಲೂ ಒಬ್ಬರು ಹೊಸಬರು ಇರುತ್ತಿದ್ದರು.

ಈ ಸಲದ ಹೊಸಬಳು ಆಗಷ್ಟೇ ಓದು ಮುಗಿಸಿ ಬಂದ ಎಂಜಿನಿಯರ್. ಅವಳು ಸೇರಿದ ದಿನ ನೀರಿನ ಮನೆಯ ಮುಂದೆ ಚಪ್ಪರ ಹಾಕಿದ್ದರು. ಕೊರಳಿಗೆ ಹಾರ, ಕೈಗೆ ನಿಂಬೆಹಣ್ಣು, ಹಣೆಗೆ ಕುಂಕುಮ. ಹಿರಿಯರು ಎದ್ದು ನಿಂತು, "ಈ ಸೌಭಾಗ್ಯ ನಮಗೆ ಬೇಡ, ಹೊಸ ಪೀಳಿಗೆಗೆ ಸಲ್ಲಲಿ" ಎಂದರು. ದೊಡ್ಡ ಬೀದಿಯ ಚಕ್ರವನ್ನು ಅವಳ ಕೈಯಿಂದ ಉದ್ಘಾಟನೆ ಮಾಡಿಸಿದರು. ಚಪ್ಪಾಳೆ ಬಿತ್ತು. ಅವಳಿಗೆ ಹೆಮ್ಮೆಯಾಯಿತು. ಹೆಮ್ಮೆಯ ಭರದಲ್ಲಿ ಮುಂದಿನ ಬೀದಿಯದನ್ನೂ ತೆರೆದಳು, ಅದರ ಮುಂದಿನದನ್ನೂ ತೆರೆದಳು. ಒಂದೊಂದು ಚಕ್ರಕ್ಕೂ ಒಂದೊಂದು ಹಾರ. ಊರೆಲ್ಲ ಸುತ್ತಿ ಮುಗಿಯುವಷ್ಟರಲ್ಲಿ ಹಾರಗಳ ಭಾರಕ್ಕೆ ಕತ್ತು ಬಾಗಿತ್ತು. ಸಂಜೆ ಒಬ್ಬಳೇ ಊರೆಲ್ಲ ಸುತ್ತಿ ಮುಚ್ಚುವಾಗ ಚಪ್ಪಾಳೆ ಇರಲಿಲ್ಲ. ಶುದ್ಧಹಸ್ತರು ಅಷ್ಟು ಹೊತ್ತಿಗೆ ಮನೆ ಸೇರಿ ಕಾಲು ಚಾಚಿದ್ದರು.

ಮರುದಿನ ಬೆಳಗ್ಗೆ ಯಾರೂ ತೆರೆಯಲಿಲ್ಲ. ಊರು ಕೊಡ ಹಿಡಿದು ಕಾಯುತ್ತಿತ್ತು. ಅವಳೇ ತೆರೆದಳು. ಮೂರನೆಯ ದಿನವೂ ಅವಳೇ. ಆಮೇಲೆ ಅದು ಪದ್ಧತಿಯಾಯಿತು. ಬೆಳಗ್ಗೆ ಕೈಯಿಟ್ಟು ತೆರೆಯುವುದು, ಸಂಜೆ ಕೈಯಿಟ್ಟು ಮುಚ್ಚುವುದು. ಬೀದಿಯ ತಲೆಯಲ್ಲಿ ಬಗ್ಗುವುದು, ಚಕ್ರದ ಗುಂಡಿಯ ಮೇಲಿನ ಕಲ್ಲು ಸರಿಸುವುದು, ಚಕ್ರ ತಿರುಗಿಸುವುದು, ಏಳುವುದು. ಊರು ಅವಳನ್ನು ನೀರಮ್ಮ ಎಂದು ಕರೆಯತೊಡಗಿತು. ಪ್ರೀತಿಯಿಂದಲೇ ಕರೆಯಿತು. ಆ ಪ್ರೀತಿಯೂ ಒಂದು ಚಕ್ರವೇ ಎಂದು ಅವಳಿಗೆ ಬೇಗ ಗೊತ್ತಾಯಿತು.

ತಂಗಿಯ ಮದುವೆಯ ಆರತಕ್ಷತೆಯಿಂದ ಅವಳು ಊಟಕ್ಕೆ ಮುಂಚೆಯೇ ಎದ್ದು ಹೋಗಬೇಕಾಯಿತು, ಹೊತ್ತು ಮುಳುಗುತ್ತಿತ್ತು. ಒಮ್ಮೆ ಬೆಳಗ್ಗೆ ಚಕ್ರಗಳನ್ನು ತೆರೆದು ಬಂದವಳಿಗೆ ಮಧ್ಯಾಹ್ನ ಜ್ವರ ಏರಿತು. ಸಂಜೆ ಶುದ್ಧಹಸ್ತರು ಕುರ್ಚಿಯೊಂದನ್ನು ತಂದು, ಅವಳನ್ನು ಕಂಬಳಿ ಸುತ್ತಿ ಕೂರಿಸಿ, ಹೆಗಲ ಮೇಲೆ ಹೊತ್ತುಕೊಂಡು ಬೀದಿ ಬೀದಿಗೆ ಇಳಿಸಿದರು. ಒಬ್ಬ ಕೊಡೆ ಹಿಡಿದಿದ್ದ. ಒಬ್ಬ ಬೀಸಣಿಗೆ ಬೀಸುತ್ತಿದ್ದ. ಜನ ಉತ್ಸವಮೂರ್ತಿಗೆಂಬಂತೆ ಕೈ ಮುಗಿದರು. ಅವಳ ಕೈಯನ್ನು ಅವರೇ ಎತ್ತಿ ಚಕ್ರದ ಮೇಲೆ ಇಡುತ್ತಿದ್ದರು. "ಎಂಥಾ ಕರ್ತವ್ಯನಿಷ್ಠೆ!" ಎಂದು ಹಿರಿಯರು ಕಣ್ಣೊರೆಸಿಕೊಂಡರು, ಮೃದುವಾದ ಆ ಅಂಗೈಯಿಂದಲೇ.

ಜ್ವರ ಬಿಟ್ಟಿತು. ಅವಳೊಳಗೆ ಬೇರೆ ಏನೋ ಏರತೊಡಗಿತು. ಅದು ಸಿಟ್ಟು. ಆದರೆ ಕೂಗಾಡುವ ಸಿಟ್ಟಲ್ಲ. ತೊಟ್ಟಿಯ ತಳದ ನೀರಿನಂತೆ ತಣ್ಣಗಿನ ಸಿಟ್ಟು. ಮೇಲಿನಿಂದ ನೋಡಿದರೆ ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು.

ಆಚೆ ದಡದವನು ಬಂದದ್ದು ಆಗ.

ಊರಿನ ಕೆಳಗೆ ಹೊಳೆ, ಹೊಳೆಯ ಆಚೆ ಇನ್ನೊಂದು ಊರು, ಆ ಊರಿಗೆ ಇನ್ನೊಂದು ನೀರಿನ ಮನೆ. ಅಲ್ಲಿಂದ ಬಂದವನು ನಗುಮುಖದವನು, ಬೆಳ್ಳಗಿನ ಅಂಗಿಯವನು. ಅವಳು ಹಿಟ್ಟಿನ ಗಿರಣಿಯ ಮುಂದೆ ಬಗ್ಗಿ ಚಕ್ರ ತೆರೆಯುತ್ತಿದ್ದಾಗ ಹಿಂದೆ ಬಂದು ನಿಂತ.

"ಮೇಡಂ, ನಿಮ್ಮಂಥವರು ಇನ್ನೂ ಬರಿಗೈಯಲ್ಲಿ ತಿರುಗಿಸ್ತಾ ಇದೀರಲ್ಲ, ನೋಡಿ ಹೊಟ್ಟೆ ಉರೀತು."

"ಹೊಟ್ಟೆ ಉರಿದರೆ ನೀರು ಕುಡೀರಿ. ಈಗ ತಾನೇ ಬಿಟ್ಟಿದೀನಿ."

ಅವನು ನಕ್ಕ. ನಕ್ಕು, "ನಮ್ಮ ಮನೆಗೆ ಬನ್ನಿ. ಹುಣ್ಣಿಮೆಯೊಳಗೆ ಹೇಳಿದರೆ ಸಾಕು. ನಮ್ಮಲ್ಲಿ ಯಾರ ಸಂಜೆಯನ್ನೂ ಯಾರೂ ಕಿತ್ತುಕೊಳ್ಳೋದಿಲ್ಲ. ಒಂದ್ಸಲ ಬಂದು ನೋಡಿ, ಹೊತ್ತು ಮುಳುಗೋದರೊಳಗೆ ವಾಪಸ್ ಬಿಡ್ತೀನಿ" ಎಂದ.

ಗಿರಣಿಯವಳು ಬಾಗಿಲಲ್ಲೇ ನಿಂತಿದ್ದಳು. ಹುಬ್ಬಿನವರೆಗೂ ಹಿಟ್ಟು ಮೆತ್ತಿದ್ದ ಅವಳ ಕಿವಿಗೆ ಮಾತ್ರ ಹಿಟ್ಟು ಹೋಗಿರಲಿಲ್ಲ. "ಹೋಗ್ತೀಯೇನೇ ನೀರಮ್ಮ?" ಎಂದಳು. "ಹೋಗೋದಾದ್ರೆ ಮುಚ್ಚಿ ಹೋಗು ತಾಯಿ. ನಮ್ಮ ಬೀದೀಲಿ ಎಮ್ಮೆ ಮಲಗಿಸ್ಬೇಡ."

ಅವಳು ಉಳಿದ ಬೀದಿಗಳ ಚಕ್ರಗಳನ್ನೂ ತೆರೆದು ಮುಗಿಸಿದಳು. ಹರಿಗೋಲು ಹತ್ತಿದಳು.

ಆಚೆ ದಡದ ನೀರಿನ ಮನೆ ಕನ್ನಡಿಯಂತೆ ಹೊಳೆಯುತ್ತಿತ್ತು. ಗೋಡೆಗಳ ನಡುವೆ ತಂಗಾಳಿ. ಅಲ್ಲಿ ಎತ್ತರದ ಕುರ್ಚಿ ಇರಲಿಲ್ಲ. ಎಲ್ಲ ಕುರ್ಚಿಗಳೂ ಒಂದೇ ಎತ್ತರ, ಎಲ್ಲರ ನಗುವೂ ಒಂದೇ ಅಗಲ. ಎಲ್ಲರ ಕೈಗಳಲ್ಲೂ ತೆಳುವಾದ ಬಿಳಿಯ ಕೈಗವಸು. ಅದೇ ಆ ಮನೆಯ ಗುಟ್ಟು. ಕೈಗವಸು ತೊಟ್ಟ ಕೈಯನ್ನು ಚಕ್ರ ಗುರುತು ಹಿಡಿಯುತ್ತಿರಲಿಲ್ಲ. ಯಾರು ತೆರೆದರೆಂದು ಚಕ್ರಕ್ಕೇ ತಿಳಿಯದಿದ್ದರೆ, ಯಾರು ಬೇಕಾದರೂ ಮುಚ್ಚಬಹುದು. ಸಂಜೆಯ ಹೊತ್ತಿಗೆ ಅಲ್ಲಿದ್ದ ಯಾರೋ ಹೋಗಿ ಮುಚ್ಚುತ್ತಿದ್ದರು.

ಅವಳು ಕೈಗವಸನ್ನು ತೊಟ್ಟು ನೋಡಿದಳು. ಒಂದು ಚಕ್ರ ತೆರೆದಳು. ನಗುಮುಖದವನು ಮುಚ್ಚಿದ. ಅದು ಮುಚ್ಚಿಕೊಂಡಿತು! ಅವಳ ಎದೆಯಲ್ಲಿ ಏನೋ ಹಗುರಾಯಿತು. ತಂಗಿಯ ಮದುವೆಯ ಊಟದ ಪರಿಮಳ ತಟ್ಟನೆ ಮೂಗಿಗೆ ಬಂತು. ಒಂದು ಗಳಿಗೆ ಅವಳು ಅಲ್ಲಿಯೇ ಹೂಂ ಎಂದುಬಿಡುತ್ತಿದ್ದಳು.

ಆದರೆ ಅವಳು ಎಂಜಿನಿಯರ್. ಮನೆಯನ್ನು ನೋಡಿದವಳು ಬೀದಿಯನ್ನೂ ನೋಡಬೇಕೆಂದಳು. ಹತ್ತಿರದ ಬೀದಿಯಲ್ಲೇ ಒಬ್ಬ ಹೆಂಗಸು ಖಾಲಿ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ನಲ್ಲಿಯ ಮುಂದೆ ನಿಂತಿದ್ದಳು. ನೆತ್ತಿಯ ಮೇಲೆ ಬಿಸಿಲು.

"ನೀರು ಬರ್ತಿಲ್ವಾ?"

"ಬರ್ತಿತ್ತು. ನಿಂತೋಯ್ತು."

"ಯಾರು ನಿಲ್ಲಿಸಿದ್ದು?"

"ಯಾರೋ."

"ಮತ್ತೆ ಯಾರು ಬಿಡ್ತಾರೆ?"

"ಯಾರಾದ್ರೂ," ಎಂದಳು ಕೊಡದವಳು. "ಮನೆ ಹತ್ರ ಹೋಗಿ ಕೇಳಿದ್ರೆ, ನಾನಲ್ಲಮ್ಮ ಅಂತಾರೆ, ಎಲ್ಲಾರೂ. ಸುಳ್ಳೂ ಅಲ್ಲ, ಅವರಿಗೂ ಗೊತ್ತಿರಲ್ಲ ಪಾಪ. ಬಾಳಾ ಒಳ್ಳೇ ಜನ. ನಗ್ತಾ ನಗ್ತಾನೇ ಮಾತಾಡಿಸ್ತಾರೆ. ನಿಮ್ಮ ದಡದೋರು ಪುಣ್ಯವಂತರು ಬಿಡಿ, ಬೈಯೋಕಾದ್ರೂ ಒಂದು ಹೆಸರಿದೆ ನಿಮಗೆ."

ನಗುಮುಖದವನು ಅಂಗಿಯ ತೋಳು ಸರಿಮಾಡಿಕೊಂಡ. "ಇದೊಂದು ಸಣ್ಣ ವಿಷಯ ಮೇಡಂ."

"ಹೌದು," ಎಂದಳು ಅವಳು. "ಒಂದು ಕೊಡದಷ್ಟು ಸಣ್ಣದು."

ಹರಿಗೋಲಿನಲ್ಲಿ ಮರಳುವಾಗ ಅವಳು ಎರಡು ಮನೆಗಳನ್ನೂ ಎರಡು ಅಂಗೈಗಳ ಮೇಲಿಟ್ಟು ತೂಗಿದಳು. ಒಂದು ಮನೆಯಲ್ಲಿ ಒಂದೇ ಕೈ ಎಲ್ಲದಕ್ಕೂ ಉತ್ತರ ಕೊಡಬೇಕು. ಇನ್ನೊಂದರಲ್ಲಿ ಎಲ್ಲ ಕೈಗಳಿದ್ದೂ ಯಾವುದೂ ಉತ್ತರ ಕೊಡುವುದಿಲ್ಲ. ಇಲ್ಲಿದ್ದರೆ ತನ್ನ ಸಂಜೆಗಳು ಹೋಗುತ್ತವೆ, ಅಲ್ಲಿಗೆ ಹೋದರೆ ಈ ಊರಿನ ಬೆಳಗುಗಳು ಹೋಗುತ್ತವೆ. ತಾನು ಬಿಟ್ಟುಹೋದರೆ ಇಲ್ಲಿ ತೆರೆಯುವವರು ಯಾರು? ಹೊಳೆಯ ನಡುವೆ ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು.

ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು. ಅಮ್ಮನಿಗೆ ಸುದ್ದಿ ಗಿರಣಿಯಿಂದ ಹಿಟ್ಟಿನ ಜೊತೆಗೇ ಬಂದಿತ್ತು.

"ಹಿರಿಯರು ಏನಂದ್ಕೋತಾರೋ ಏನೋ," ಎಂದಳು ಅಮ್ಮ. "ಹಾರ ಹಾಕಿ ಕರ್ಕೊಂಡ್ರು ಕಣೇ ನಿನ್ನ."

"ಬಲಿ ಕೊಡೋ ಕೋಣಕ್ಕೂ ಹಾರ ಹಾಕ್ತಾರಮ್ಮ."

"ಬಿಡ್ತು ಅನ್ನು! ಊಟಕ್ಕೆ ಕೂತಾಗ ಎಂಥಾ ಮಾತು." ಅಮ್ಮ ಅನ್ನ ಬಡಿಸಿದಳು, ಸಾರು ಹಾಕಿದಳು, ಆಮೇಲೆ ಕೇಳಿದಳು: "ಚಕ್ರ ಎಲ್ಲಾ ಮುಚ್ಚಿ ಬಂದ್ಯಾ?"

"ಬಂದೆ."

"ಹಾಗಾದ್ರೆ ಈಗ ನಿನ್ನ ತಲೆ ಮೇಲೆ ಏನೂ ಇಲ್ಲ. ನೆಮ್ಮದಿಯಾಗಿ ಉಣ್ಣು."

ತುತ್ತು ಅವಳ ಕೈಯಲ್ಲೇ ನಿಂತಿತು. ಅಮ್ಮ ಪ್ರತಿ ಸಂಜೆಯೂ ಹೇಳುತ್ತಿದ್ದ ಮಾತು ಅದು. ಅವಳು ಈವರೆಗೆ ಕೇಳಿಸಿಕೊಂಡಿರಲಿಲ್ಲ. ಈಗ ಅವಳ ತಲೆಯ ಮೇಲೆ ಏನೂ ಇರಲಿಲ್ಲ. ಚಕ್ರಗಳೆಲ್ಲ ಮುಚ್ಚಿದ್ದವು. ಮುಚ್ಚಿದ ಚಕ್ರ ಯಾರದೂ ಅಲ್ಲ. ನಿಯಮ ಅವಳನ್ನು ಕಟ್ಟಿದ್ದು ಬೆಳಗಿನಿಂದ ಸಂಜೆಯವರೆಗೆ ಮಾತ್ರ. ಪ್ರತಿ ಸಂಜೆ ಅವಳು ಬಿಡುಗಡೆಯಾಗುತ್ತಿದ್ದಳು. ಪ್ರತಿ ಬೆಳಗ್ಗೆ ತಾನಾಗಿಯೇ ಹೋಗಿ, ಬಗ್ಗಿ, ಕಲ್ಲು ಸರಿಸಿ, ಮತ್ತೆ ಕಟ್ಟಿಸಿಕೊಳ್ಳುತ್ತಿದ್ದಳು. ಕಟ್ಟಿದ್ದು ನಿಯಮವಲ್ಲ. ಕೊಡ ಹಿಡಿದು ನಿಂತ ಊರನ್ನು ನೋಡಲಾರದ ಅವಳ ಕಣ್ಣು. ಅದನ್ನು ನೀರಿನ ಮನೆ ಚೆನ್ನಾಗಿ ಅರಿತಿತ್ತು. ಅವಳ ಕೈ ಒದ್ದೆಯಾಗುತ್ತಿರುವ ತನಕ ಅವರ ಕೈ ಒಣಗಿಯೇ ಇರುತ್ತದೆ. ತಾನು ಉಳಿದರೆ ಊರಿಗೆ ಉಪಕಾರವೆಂದು ತಿಳಿದಿದ್ದಳು. ಉಳಿದದ್ದರಿಂದ ಉಪಕಾರವಾದದ್ದು ಎತ್ತರದ ಕುರ್ಚಿಗಳಿಗೆ.

ಅವಳು ತುತ್ತನ್ನು ಬಾಯಿಗಿಟ್ಟಳು. ಸಾರು ಚೆನ್ನಾಗಿತ್ತು. ಎರಡನೆಯ ಸಲ ಹಾಕಿಸಿಕೊಂಡಳು.

ಹುಣ್ಣಿಮೆಗೆ ಕಾಯದೆ ಮರುದಿನವೇ ನಗುಮುಖದವನು ಉತ್ತರ ಕೇಳಲು ಬಂದ. ಅವಳು ಹೇಳಿದಳು: "ಬರ್ತೀನಿ. ಆದ್ರೆ ಕೈಗವಸು ತೊಡಲ್ಲ. ಆ ಕೊಡದವಳ ಬೀದಿ ನನಗೆ ಕೊಡಿ. ಅಲ್ಲಿ ನಾನು ತೆರೆದದ್ದನ್ನ ನಾನೇ ಮುಚ್ತೀನಿ."

"ಅಯ್ಯೋ ಮೇಡಂ, ಕೈಗವಸೇ ನಮ್ಮ ಹೆಗ್ಗಳಿಕೆ. ಬರಿಗೈ ಅಂದ್ರೆ ಮತ್ತೆ ಅದೇ ಹಳೇ ಕಾಲ. ನಿಮ್ಮ ಸಂಜೆ ಹೋಗುತ್ತೆ."

"ಒಂದು ಬೀದಿಯಷ್ಟು ಸಂಜೆ ಹೋಗಲಿ. ಊರಷ್ಟು ಬೇಡ. ಉಳಿದ ಬೀದಿಗಳಿಗೆ ನಿಮ್ಮವರೂ ಒಬ್ಬೊಬ್ಬರು ಕೈಗವಸು ಬಿಚ್ಚಿದ್ರೆ ಎಲ್ಲಾರಿಗೂ ಊಟದ ಹೊತ್ತು ಸಿಗುತ್ತೆ."

ಅವನು ಹೊಳೆ ದಾಟಿ ಹೋದ, ಕೇಳಿ ಬಂದ. "ಒಂದು ಬೀದಿ. ಪರೀಕ್ಷೆಗೆ ಅಂತ. ಉಳಿದದ್ದು ನೋಡೋಣ ಅಂದಿದಾರೆ," ಎಂದ. ಅವನ ನಗು ಒಂದು ಬೆರಳಿನಷ್ಟು ಕಿರಿದಾಗಿತ್ತು.

ಅವಳು ಗುಡ್ಡ ಹತ್ತಿ ಹಿರಿಯರಿಗೆ ತಿಳಿಸಿದಳು. ಹಿರಿಯರು ಬೆಚ್ಚಲಿಲ್ಲ. ಅಂಗೈ ಎತ್ತಿ ಆಶೀರ್ವದಿಸಿದರು.

"ಹೋಗು ಮಗಳೇ, ಯಾರು ಬೇಡ ಅಂತಾರೆ? ಆದ್ರೆ ನೀನು ತೆರೆದ ಚಕ್ರಗಳನ್ನ ಮುಚ್ಚೋರು ಯಾರು, ಅದೊಂದು ಹೇಳಿ ಹೋಗು."

"ಇವತ್ತು ಸಂಜೆ ನಾನೇ ಮುಚ್ತೀನಿ, ಸರ್."

"ಸರಿ. ನಾಳೆ?"

"ನಾಳೆ ನಾನು ತೆರೆಯಲ್ಲ."

ಹಿರಿಯರ ಅಂಗೈ ಗಾಳಿಯಲ್ಲೇ ನಿಂತಿತು. ಅವರು ಇಷ್ಟು ಸಣ್ಣ ವಾಕ್ಯವನ್ನು ಜೀವಮಾನದಲ್ಲಿ ಕೇಳಿರಲಿಲ್ಲ. "ಊರು ಬಾಯಾರಿ ಸಾಯುತ್ತಲ್ಲೇ ಮಗಳೇ!"

"ಈ ಮನೆಯಲ್ಲಿ ಕೈಗಳಿಗೇನು ಬರ ಸರ್? ಎಲ್ಲಾ ಹೊಚ್ಚ ಹೊಸದಾಗಿವೆ."

ಆ ಸಂಜೆ ಅವಳು ಕೊನೆಯ ಸಲ ಊರು ಸುತ್ತಿದಳು. ಬಗ್ಗಿದಳು, ತಿರುಗಿಸಿದಳು, ಕಲ್ಲು ಮುಚ್ಚಿದಳು, ಎದ್ದಳು. ಪ್ರತಿ ಬೀದಿಯಲ್ಲೂ ಜನರಿಗೆ ಹೇಳಿದಳು: ನಾಳೆ ಬೆಳಗ್ಗೆ ನಾನು ತೆರೆಯುವುದಿಲ್ಲ, ಕೊಡ ತೆಗೆದುಕೊಂಡು ನೀರಿನ ಮನೆಗೇ ಬನ್ನಿ.

ಬೆಳಗಾಯಿತು. ಕೊಡಗಳು ಗುಡ್ಡ ಹತ್ತಿದವು. ಹಿತ್ತಾಳೆಯ ಕೊಡ, ತಾಮ್ರದ ಕೊಡ, ಪ್ಲಾಸ್ಟಿಕ್ಕಿನ ಕೊಡ. ಅವು ಒಂದಕ್ಕೊಂದು ತಾಗಿ ಗುಡ್ಡವೆಲ್ಲ ಠಣಠಣ ಎನ್ನುತ್ತಿತ್ತು. ಅವಳು ನೀರಿನ ಮನೆಯ ಅಂಗಳದ ನಡುವೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಶುದ್ಧಹಸ್ತರು ಜಗುಲಿಯ ಮೇಲೆ ಸಾಲಾಗಿ ನಿಂತಿದ್ದರು. ಅವರಲ್ಲಿ ಆಗ ಕಂಡ ವಿನಯವನ್ನು ಊರು ಹಿಂದೆಂದೂ ಕಂಡಿರಲಿಲ್ಲ.

"ತಾವು ಹಿರಿಯರು, ತಾವು ಮೊದಲು."

"ಛೆ ಛೆ, ನನಗೆಲ್ಲಿಯ ಯೋಗ್ಯತೆ? ಅನುಭವ ತಮ್ಮದು."

"ನನಗೆ ಸೊಂಟ ನೋವು, ಬಗ್ಗೋಕಾಗಲ್ಲ. ಇಲ್ಲದಿದ್ರೆ ನಾನೇ…"

"ಇವತ್ತು ದಿನ ಚೆನ್ನಾಗಿಲ್ಲ. ಒಂದು ಒಳ್ಳೇ ಮುಹೂರ್ತ ನೋಡಿ…"

"ಹಾರ ತರಿಸೋಣ್ವಾ? ಯಾರಾದ್ರೂ ಒಬ್ಬರು ಹೊಸಬರು ಸಿಕ್ಕಿದ್ರೆ…"

ಬಿಸಿಲು ಏರಿತು. ಅವಳ ಬೆನ್ನ ಹಿಂದಿನ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಯಾರದೋ ಕಂಕುಳಿನ ಕೂಸು ನೀರು ಬೇಕೆಂದು ಅಳತೊಡಗಿತು. ಅವಳ ಬಲಗೈ ಬಿಡಿಸಿಕೊಳ್ಳಲು ನೋಡಿತು, ಎಡಗೈ ಬಿಡಲಿಲ್ಲ. ಒಂದು ಬೀದಿ, ಒಂದೇ ಒಂದು ಚಕ್ರ, ತೆರೆದರೆ ಕೂಸು ಸುಮ್ಮನಾಗುತ್ತದೆ. ತೆರೆದರೆ ನಾಳೆಯೂ ತೆರೆಯಬೇಕಾಗುತ್ತದೆ. ಜಗುಲಿಯ ಮೇಲಿನವರೆಲ್ಲ ಕೂಸನ್ನು ನೋಡುತ್ತಿರಲಿಲ್ಲ, ಅವಳ ಭುಜವನ್ನು ನೋಡುತ್ತಿದ್ದರು. ಅದು ಅಲುಗುವುದನ್ನು ಕಾಯುತ್ತಿದ್ದರು.

ಆಗ ಗಿರಣಿಯವಳು ಕೊಡವನ್ನು ನೆಲಕ್ಕೆ ಕುಕ್ಕಿದಳು.

"ಏನ್ರೀ ಸ್ವಾಮಿ ಇದು, ಗೊಂಬೆ ಕೂರಿಸಿದ ಹಾಗೆ ನಿಂತಿದೀರಲ್ಲ! ಮುಚ್ಚಿದ ಚಕ್ರ ಯಾರದೂ ಅಲ್ಲ ತಾನೇ? ನಮ್ಮ ಬೀದೀದು ನಾನೇ ತಿರುಗಿಸ್ಕೋತೀನಿ. ಬೆಳಗ್ಗೆ ಗಿರಣಿ ಬಾಗಿಲು ತೆಗೆಯೋಳಿಗೆ ಇದೇನು ಮಹಾ! ಸಂಜೆ ಬಾಗಿಲು ಹಾಕುವಾಗ ಅದನ್ನೂ ಹಾಕ್ತೀನಿ. ನಡೀರೇ ಎಲ್ಲಾರೂ, ನಿಮ್ಮ ನಿಮ್ಮ ಬೀದಿಗೆ!"

ಊರು ಗುಡ್ಡದ ಕೆಳಕ್ಕೆ ತಿರುಗಿತು.

ಹಿರಿಯರು ಜಗುಲಿಯಿಂದ ಹಾರಿದರು. ಹಾರಿದರು ಎಂದರೆ ಹಾರಿಯೇಬಿಟ್ಟರು. ಅವರ ಮೊಣಕಾಲಿಗೆ ಅಷ್ಟು ಬಲವಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಜನರೇ ತೆರೆದುಬಿಟ್ಟರೆ ನೀರಿನ ಮನೆ ಯಾತಕ್ಕೆ? ನೀರಿನ ಮನೆಯೇ ಇಲ್ಲದಿದ್ದರೆ ಕುರ್ಚಿ ಎಲ್ಲಿಡುವುದು? ಈ ಪ್ರಶ್ನೆಗಳು ಅವರ ಬೆನ್ನಟ್ಟಿ ಬರುತ್ತಿದ್ದವು. "ಅದು ನಮ್ಮ ಕೆಲಸ! ನಮ್ಮ ಕೆಲಸ!" ಎಂದು ಕೂಗುತ್ತ, ಪಂಚೆ ಎತ್ತಿಕೊಂಡು, ಕೊಡಗಳ ನಡುವೆ ನುಗ್ಗಿ ದೊಡ್ಡ ಬೀದಿಯ ತಲೆಗೆ ಬಂದು, ಮಂಡಿಯೂರಿ, ಆ ಹಸುಗೂಸಿನ ಅಂಗೈಯನ್ನು ತುಕ್ಕು ಹಿಡಿದ ಕಬ್ಬಿಣದ ಮೇಲೆ ಇಟ್ಟರು. ಚಕ್ರ ತಿರುಗಿತು. ನೀರು ಬಂತು. ಅಂಗೈಯಲ್ಲಿ ಕೆಂಪನೆಯ ತುಕ್ಕಿನ ಗೆರೆ ಮೂಡಿತ್ತು. ಅದನ್ನು ನೋಡುತ್ತ ಅವರು ಅಲ್ಲಿಯೇ ಕೂತುಬಿಟ್ಟರು.

ಹಿರಿಯರೇ ತೆರೆದ ಮೇಲೆ ಉಳಿದವರಿಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಒಬ್ಬೊಬ್ಬರ ಹಿಂದೆ ಒಂದೊಂದು ಬೀದಿಯ ಜನ. ಸೊಂಟ ನೋವಿನವನೂ ಬಗ್ಗಿದ. ಮುಹೂರ್ತದವನೂ ಬಗ್ಗಿದ. ಗಿರಣಿಯ ಬೀದಿಗೆ ಹೋದವನು ತಡವಾಗಿ ಹೋದ. ಅಷ್ಟರಲ್ಲಿ ಆ ಚಕ್ರ ಹಿಟ್ಟಿನ ಕೈಯದಾಗಿತ್ತು.

ಅವಳು ಮನೆಗೆ ಹೋಗಿ ಮಧ್ಯಾಹ್ನದ ಊಟ ಮಾಡಿದಳು. ಬಟ್ಟೆಗಳನ್ನು ಮಡಿಸಿಟ್ಟಳು. ಹೊಳೆ ಒಂದೇ ಅಲ್ಲವೇ ಅಡ್ಡ ಇರುವುದು ಎಂದು ಅಮ್ಮ ತನಗೆ ತಾನೇ ಹೇಳಿಕೊಂಡು ಒಂದು ಡಬ್ಬಿಯಲ್ಲಿ ಚಟ್ನಿಪುಡಿ ತುಂಬಿಕೊಟ್ಟಳು. ಹೊತ್ತು ಇಳಿಯುವಾಗ ಅವಳು ದಡಕ್ಕೆ ಬಂದಳು. ಹರಿಗೋಲು ಕಾಯುತ್ತಿತ್ತು, ನಗುಮುಖದವನೂ ಕಾಯುತ್ತಿದ್ದ.

"ಹೊರಡೋಣ್ವಾ ಮೇಡಂ?"

"ಸ್ವಲ್ಪ ಇರಿ. ಅವರು ಮುಚ್ಚಲಿ."

ಅವಳು ಕಲ್ಲೊಂದರ ಮೇಲೆ ಕೂತು ಕಿವಿಗೊಟ್ಟಳು. ಊರಿನ ನೀರಿನ ಸದ್ದು ಅವಳಿಗೆ ಬೀದಿ ಬೀದಿಯಾಗಿ ಗೊತ್ತಿತ್ತು. ಗಿರಣಿಯ ಬೀದಿ ಮೊದಲು ನಿಂತಿತು. ಆಮೇಲೆ ಒಂದು, ಇನ್ನೊಂದು. ನಿಧಾನವಾಗಿ, ತಡವರಿಸಿಕೊಂಡು, ಒಂದೆರಡು ಕಡೆ ನಿಂತಂತಾಗಿ ಮತ್ತೆ ಹರಿದು, ಕೊನೆಗೆ ನಿಂತವು. ಸತ್ತವನ ಬೀದಿಯ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಉಳಿದದ್ದು ದೊಡ್ಡ ಬೀದಿ ಒಂದೇ.

ಅದು ನಿಲ್ಲಲಿಲ್ಲ. ಹೊತ್ತು ಮುಳುಗಿತು, ಅದು ನಿಲ್ಲಲಿಲ್ಲ. ಗಾಳಿಯಲ್ಲಿ ಜನರ ಕೂಗು ತೇಲಿ ಬಂತು.

"ಸ್ವಾಮಿ, ಈ ಕಡೆ ಅಲ್ಲ, ಆ ಕಡೆ ತಿರುಗಿಸಿ!"

"ಇದೇ ಆ ಕಡೆ ಕಣಯ್ಯಾ!"

"ಅದು ನಿಮಗೆ ಆ ಕಡೆ, ಚಕ್ರಕ್ಕೆ ಈ ಕಡೆ!"

ಅವಳು ಎದ್ದು ನಿಂತಳು. ಎರಡು ಹೆಜ್ಜೆ ಊರಿನತ್ತ ಇಟ್ಟಳು. ಕೈ ತಾನಾಗಿಯೇ ಮುಂದೆ ಬಂದು, ಇಲ್ಲದ ಚಕ್ರವನ್ನು ಹಿಡಿದಂತೆ ಬೆರಳು ಮಡಿಚಿತು. ಆಮೇಲೆ ಅವಳು ಆ ಕೈಯನ್ನೇ ನೋಡಿದಳು. ಓಡಿಹೋಗಿ ಹಿಡಿದರೂ ಆ ಚಕ್ರ ಇನ್ನು ಇದಕ್ಕೆ ಜಗ್ಗುವುದಿಲ್ಲ. ಇದು ಈಗ ಪೈಲ್ವಾನರ ಕೈ, ಎತ್ತುಗಳ ಹಗ್ಗ. ಆ ಊರಿನಲ್ಲಿ ಎಲ್ಲರ ಕೈಗಳಂಥ ಒಂದು ಕೈ. ಕೂಗಿ ಹೇಳಿಕೊಡಬಹುದಿತ್ತು. ಅದಕ್ಕೆ ಅಲ್ಲಿ ಊರೆಲ್ಲ ಇತ್ತು.

ಅವಳು ಹಿಂದಿರುಗಿ ಬಂದು ಹರಿಗೋಲು ಹತ್ತಿದಳು.

"ಇನ್ನೂ ಒಂದು ನಿಂತಿಲ್ಲವಲ್ಲ ಮೇಡಂ?" ಎಂದ ನಗುಮುಖದವನು.

"ಅದು ನನ್ನದಲ್ಲ," ಎಂದಳು ಅವಳು. "ನಡೀರಿ."